ಸ್ಟ್ರೇಂಜ್ ಡೇಸ್: ಸೋತ ಸಿನಿಮಾ, ಮುಗಿಯದ ಜಗಳ

ಕ್ಯಾಥ್ರಿನ್ ಬಿಗೆಲೋ ನಿರ್ದೇಶಿಸಿದ 1995ರ ಸೈಬರ್‌ಪಂಕ್ ಥ್ರಿಲ್ಲರ್. ಕಥೆ ಜೇಮ್ಸ್ ಕ್ಯಾಮರೂನ್ ಅವರದು. ಸುಮಾರು 4.2 ಕೋಟಿ ಡಾಲರ್ ಸುರಿದರೂ ಅಮೆರಿಕದಲ್ಲಿ ಬಂದದ್ದು 80 ಲಕ್ಷದ ಆಸುಪಾಸು. 1999ರ ಕೊನೆಯ ದಿನಗಳ ಲಾಸ್ ಏಂಜಲೀಸ್. ಅನುಭವಗಳನ್ನು ಮೆದುಳಿನಿಂದಲೇ ರೆಕಾರ್ಡ್ ಮಾಡಿ ಮಾರುವ ದಂಧೆ. ಅಂಥದ್ದೊಂದು ಕ್ಲಿಪ್‌ನಲ್ಲಿ ಪೊಲೀಸರು ಕಪ್ಪು ರ‍್ಯಾಪರ್‌ನನ್ನು ಕೊಂದದ್ದು ದಾಖಲಾಗಿರುತ್ತೆ.

ನೋಡಿದವರಲ್ಲಿ ಏಂಜೆಲಾ ಬ್ಯಾಸೆಟ್ ನಟನೆ ಬಗ್ಗೆ ತಕರಾರು ಕಮ್ಮಿ. ಅತ್ಯಾಚಾರವನ್ನು ಅಪರಾಧಿಯ ಕಣ್ಣಿಂದಲೇ ತೋರಿಸಿದ್ದು ಹಲವರಿಗೆ ಅಸಹ್ಯ; ನಮ್ಮ ನೋಡೋ ಚಟವನ್ನೇ ಪ್ರಶ್ನಿಸೋಕೆ ಅದು ಬೇಕಿತ್ತು ಅನ್ನೋರೂ ಇದ್ದಾರೆ. ನಾನು ಎರಡನೇ ಗುಂಪು. ಆದರೆ ಕೊನೆಗೆ ಒಬ್ಬ ಪ್ರಾಮಾಣಿಕ ಮೇಲಧಿಕಾರಿ ಬಂದು ಕ್ಲಿಪ್ ನೋಡಿ ನ್ಯಾಯ ಕೊಡಿಸೋದಿದೆಯಲ್ಲ, ಅದು ನನಗೆ ಜೀರ್ಣವಾಗಲ್ಲ. ರಾಡ್ನಿ ಕಿಂಗ್‌ಗೆ ಹೊಡೆದ ವಿಡಿಯೋವನ್ನು ಇಡೀ ಅಮೆರಿಕ ನೋಡಿತ್ತು. 1992ರಲ್ಲಿ ರಾಜ್ಯ ನ್ಯಾಯಾಲಯದಲ್ಲಿ ಆ ಪೊಲೀಸರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.