ವಂಶಾವಳಿಯ ಆಧಾರಗಳು: ಕಲ್ಲು, ಓಲೆ, ಕಾಗದ

ಬಸದಿಯ ಜೀರ್ಣೋದ್ಧಾರ, ಪಂಚಕಲ್ಯಾಣ ಮಹೋತ್ಸವಗಳ ಸಂದರ್ಭದಲ್ಲಿ ಹೊರಡುವ ಸ್ಮರಣ ಸಂಚಿಕೆಗಳಲ್ಲಿ ಊರಿನ ಜೈನ ಮನೆತನಗಳ ಇತಿಹಾಸಕ್ಕೆ ಒಂದೆರಡು ಪುಟ ಮೀಸಲಿಡುವುದು ವಾಡಿಕೆ. ಗಂಗರ ಸೇನಾಪತಿಯಿಂದಲೋ ಹೊಯ್ಸಳರ ದಂಡನಾಯಕನಿಂದಲೋ ವಂಶವನ್ನು ಆರಂಭಿಸಿ, ನಡುವಿನ ಏಳೆಂಟು ಶತಮಾನಗಳನ್ನು ಒಂದೇ ವಾಕ್ಯದಲ್ಲಿ ದಾಟಿ, ಮುತ್ತಜ್ಜನ ಕಾಲಕ್ಕೆ ಬಂದುಬಿಡುವ ಬರವಣಿಗೆಯೂ ಅವುಗಳಲ್ಲಿ ಉಂಟು. ಇದು ಹುಟ್ಟುವುದು ಪೂರ್ವಜರ ಮೇಲಿನ ಗೌರವದಿಂದಲೇ, ಸಂದೇಹವಿಲ್ಲ. ಆದರೆ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಇಲ್ಲದ್ದನ್ನು ಇದ್ದಂತೆ ಬರೆದಿಡುವ ಈ ದೋಷ ಸಾಲಪತ್ರಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಕಾಗಿಲ್ಲ.

ಇಂತಹ ಕಲ್ಪನೆಯ ಅಗತ್ಯವಾದರೂ ಏನು? ನಿಜವಾದ ಆಧಾರಗಳೇ ಸಾರ್ವಜನಿಕ ಗ್ರಂಥಾಲಯ, ಪತ್ರಾಗಾರಗಳಲ್ಲಿ ಸಾಕಷ್ಟಿವೆ. ಮೊದಲು ನೋಡಬೇಕಾದುದು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳ್ಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. 1973ರ ಮೈಸೂರು ವಿಶ್ವವಿದ್ಯಾಲಯದ ಆವೃತ್ತಿಯಲ್ಲಿ 573 ಆಯಿತು. ಇವುಗಳಲ್ಲಿ ನಿಸಿಧಿಯ ಶಾಸನಗಳು ವಂಶಚರಿತ್ರೆಗೆ ಬಹು ಉಪಯುಕ್ತ. ಯಾರು ಸಮಾಧಿಮರಣವನ್ನು ಪಡೆದರು, ಯಾರು ಕಲ್ಲು ನಿಲ್ಲಿಸಿದರು, ಅವರಿಬ್ಬರಿಗೆ ಏನು ಸಂಬಂಧ ಎಂಬುದನ್ನು ಅವು ನೇರವಾಗಿ ಹೇಳುತ್ತವೆ.

ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಕುಟುಂಬವನ್ನು ಈ ಕಲ್ಲುಗಳಿಂದಲೇ ಜೋಡಿಸಬಹುದು. ತಂದೆ ಏಚ, ತಾಯಿ ಪೋಚಿಕಬ್ಬೆ, ಪತ್ನಿ ಲಕ್ಷ್ಮಿ, ಮಗ ಬೊಪ್ಪ. ಲಕ್ಷ್ಮಿಯು 1115ರಲ್ಲಿ ತನ್ನ ಸೋದರ ಬೂಚಣನಿಗೆ, 1120ರಲ್ಲಿ ಸೋದರಿ ದೇಮತಿಗೆ ನಿಸಿಧಿಯನ್ನು ಮಾಡಿಸಿದಳು. 1121ರಲ್ಲಿ ಅವಳೇ ಸಮಾಧಿಯನ್ನು ಹೊಂದಿದಾಗ ಗಂಗರಾಜ ಅವಳಿಗೆ ಮಾಡಿಸಿದ. ಆರೇಳು ವರ್ಷಗಳೊಳಗೆ ಒಂದು ಮನೆ ಅನುಭವಿಸಿದ ಅಗಲಿಕೆ ಇದು. ಶಾಂತಲಾದೇವಿಯ ತಾಯಿ ಮಾಚಿಕಬ್ಬೆಯ ಶಾಸನವು ತಾಯಿಯ ಕಡೆಯ ತಲೆಮಾರುಗಳನ್ನು ಹೆಸರಿಸುತ್ತದೆ. ಮಾಚಿಕಬ್ಬೆ ಜಿನಭಕ್ತೆ, ಪತಿ ಮಾರಸಿಂಗಯ್ಯ ಶೈವ. ಈ ಸಂಗತಿಯನ್ನು ಅಂದಿನವರು ಮರೆಮಾಚಲಿಲ್ಲ. ಇಂದಿನ ಸಂಚಿಕೆಯೊಂದರಲ್ಲಿ ಇಂತಹ ವಿವರ ಉಳಿಯುತ್ತಿತ್ತೇ ಎಂದು ಯೋಚಿಸಬೇಕು.

ಎರಡನೆಯ ಆಧಾರ ಓಲೆಗ್ರಂಥಗಳ ಅಂತ್ಯಪ್ರಶಸ್ತಿ. ನೋಂಪಿಯ ಉದ್ಯಾಪನೆಗೆ ಶಾಸ್ತ್ರವನ್ನು ಬರೆಯಿಸಿ ಮುನಿಗಳಿಗೆ ದಾನ ಮಾಡುವ ಪದ್ಧತಿಯಿಂದ ದಾನಿಯ ಹೆಸರು, ಪತಿ, ಗುರು, ಊರು ಗ್ರಂಥದ ಕೊನೆಯಲ್ಲಿ ಉಳಿದವು. ಮೂಡಬಿದಿರೆಯ ಮಹಾಬಂಧದ ಪ್ರತಿಯನ್ನು ಬರೆಯಿಸಿದ ಮಲ್ಲಿಕಬ್ಬೆಯನ್ನು ನಾವು ಬಲ್ಲುದು ಹೀಗೆಯೇ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಇಂತಹ ಹುಡುಕಾಟಕ್ಕೆ ದಾರಿ ತೋರುತ್ತದೆ.

ಮೂರನೆಯದು ಮದರಾಸಿನಲ್ಲಿದೆ, ಅಂದರೆ ಈಗಿನ ಚೆನ್ನೈಯಲ್ಲಿ. ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿ ನಡೆಸುತ್ತಿದ್ದಾಗ ಊರೂರಿನ ಕರಣಿಕರಿಂದ, ಪೂಜಾರಿಗಳಿಂದ ಬರೆಯಿಸಿಕೊಂಡ ಕೈಫಿಯತ್ತುಗಳಲ್ಲಿ ಅನೇಕವು ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಸೇರಿದವು. ಈ ಕಾರ್ಯದಲ್ಲಿ ಅವನಿಗೆ ಹಳಗನ್ನಡ ಶಾಸನಗಳನ್ನು ಓದಿಕೊಟ್ಟವನು ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಮೆಕೆಂಜಿಯ ಚಿತ್ರದಲ್ಲಿ ತಾಳೆಗರಿ ಹಿಡಿದು ನಿಂತವನು ಇವನೇ ಎಂದು ಗುರುತಿಸಲಾಗಿದೆ. ಅದೇ ಮಲೆಯೂರಿನ ದೇವಚಂದ್ರ 1838ರಲ್ಲಿ ‘ರಾಜಾವಳಿ ಕಥೆ’ಯನ್ನು ರಚಿಸಿದ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದ ಮೇಲೆ ಮದರಾಸಿಗೆ ಹೋಗದೆಯೂ ಇವುಗಳಲ್ಲಿ ಬಹಳಷ್ಟನ್ನು ಓದಬಹುದಾಗಿದೆ. ಆದರೆ ಕೈಫಿಯತ್ತನ್ನು ಶಾಸನದಷ್ಟು ನಂಬುವಂತಿಲ್ಲ. ಉಂಬಳಿಯನ್ನು ಅನುಭವಿಸುತ್ತಿದ್ದವನು ಅಧಿಕಾರಿಯ ಮುಂದೆ ತನ್ನ ಹಕ್ಕಿಗೆ ಅನುಕೂಲವಾಗುವಂತೆ ಹೇಳಿರುವುದು ಸಹಜ. ಒಂದು ಮಾತಿಗೆ ಮತ್ತೊಂದು ಸಾಕ್ಷಿ ಸಿಕ್ಕಿದ ಮೇಲೆಯೇ ಅದನ್ನು ಸ್ವೀಕರಿಸುವುದು ಕ್ಷೇಮ.

ತುಳುನಾಡಿನ ಮನೆತನಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಚೌಟ, ಬಂಗ, ಅಜಿಲ ಮೊದಲಾದ ಅರಸು ಮನೆತನಗಳಲ್ಲಿ ಅಳಿಯಸಂತಾನ ಪದ್ಧತಿ ನಡೆಯಿತು. ಒಬ್ಬ ಅರಸನ ಬಳಿಕ ಬರುವ ಹೆಸರು ಮಗನದೆಂದು ಭಾವಿಸಿ ಪಟ್ಟಿ ತಯಾರಿಸಿದರೆ ಇಡೀ ವೃಕ್ಷವೇ ತಪ್ಪುತ್ತದೆ. ಹುಡುಕಬೇಕಾದುದು ಸೋದರಿಯ ಸಂತಾನವನ್ನು. 1949ರ ಮದರಾಸು ಅಳಿಯಸಂತಾನ ಕಾಯಿದೆಯ ಮೇರೆಗೆ ಕವರುಗಳ ನಡುವೆ ಆದ ಪಾಲುಪಟ್ಟಿಗಳು ಇಲ್ಲಿ ಬಹಳ ಬೆಲೆಯುಳ್ಳವು. ಕುಟುಂಬದ ಯಾವ ಹೆಣ್ಣುಮಗಳಿಂದ ಯಾವ ಶಾಖೆ ಹೊರಟಿತೆಂಬುದು ಅವುಗಳಿಂದ ತಿಳಿಯುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಪ್ರತಿ ಇಲ್ಲದಿದ್ದರೂ, ನೋಂದಾಯಿತ ಪತ್ರವಾದರೆ ಉಪನೋಂದಣಿ ಕಚೇರಿಯಲ್ಲಿ ಅದರ ನಕಲು ದೊರೆಯುವ ಸಂಭವವಿದೆ.

ಇನ್ನು ಉಳಿದುದು ಬಸದಿಗಳ ಸ್ವಂತ ದಾಖಲೆ: ಕಡತ, ಲೆಕ್ಕದ ಪುಸ್ತಕ, 1955ರ ಇನಾಂ ರದ್ಧತಿ ಕಾಯಿದೆಯ ಕಾಲದ ಕಾಗದಪತ್ರ, ವಿಗ್ರಹದ ಪೀಠದ ಬರಹ. ಒಂದು ಕಾಲದಲ್ಲಿ ದಾನಿಗಳು ವಿಶ್ವಾಸದಿಂದ ಒಪ್ಪಿಸಿದ ನ್ಯಾಸ ಇವು. ಇವುಗಳನ್ನು ಯಾರಿಗೂ ತೋರಿಸದೆ ಗೆದ್ದಲಿಗೆ ಬಿಡುವುದು ರಕ್ಷಣೆ ಎನಿಸದು. ಇದಕ್ಕಿಂತ ಹೆಚ್ಚಿನ ಅಪಾಯ ಜೀರ್ಣೋದ್ಧಾರದ ಉತ್ಸಾಹದಲ್ಲಿದೆ. ಹಳೆಯ ನೆಲಗಲ್ಲನ್ನು ತೆಗೆದು ನುಣುಪು ಕಲ್ಲು ಹಾಸುವಾಗ, ಕಂಬಕ್ಕೆ ಬಣ್ಣ ಬಳಿಯುವಾಗ, ಮರಳು ಹಾಯಿಸಿ ಕಲ್ಲನ್ನು ತಿಕ್ಕಿಸುವಾಗ ಅಳಿದ ಅಕ್ಷರ ಮತ್ತೆ ಬಾರದು. ಕೆಲಸ ಆರಂಭವಾಗುವ ಮೊದಲೇ ಶಾಸನ ಓದಬಲ್ಲವರನ್ನು ಕರೆಸಿ ಪ್ರತಿಯೊಂದು ಬರಹದ ಅಚ್ಚು ತೆಗೆಸುವುದು, ಛಾಯಾಚಿತ್ರ ಹಿಡಿಸುವುದು, ಒಂದು ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸುವುದು ಟ್ರಸ್ಟಿನ ಅಂದಾಜುಪಟ್ಟಿಯಲ್ಲಿ ಸಣ್ಣ ಬಾಬತ್ತು. ರೈಸ್ ಅವರಂತಹ ಶ್ರದ್ಧಾವಂತರು ನೋಡಿಹೋದ ಬೆಳ್ಗೊಳದಲ್ಲಿಯೇ 1923ರ ಹೊತ್ತಿಗೆ ಇನ್ನೂ 356 ಶಾಸನಗಳು ಸೇರಿದವೆಂದರೆ, ಹಳ್ಳಿಯ ಬಸದಿಗಳಲ್ಲಿ ಬಣ್ಣದ ಕೆಳಗೆ ಏನಿದೆಯೆಂಬುದನ್ನು ನೋಡದೆ ಹೇಳಲಾಗದು.