ಗೋಡೆಗೊಂದು ಲೇಪ

ಯುಗಾದಿಗೋ ದೀಪಾವಳಿಗೋ ಗೋಡೆಗೆ ಸುಣ್ಣ ಬಳಿಯುತ್ತಿದ್ದುದು ಮನೆ ಬೆಳ್ಳಗೆ ಕಾಣಲಿ ಎಂದಷ್ಟೇ ಅಲ್ಲ. ಆ ತೆಳುವಾದ ಸುಣ್ಣದ ನೀರು ಗಾರೆಯ ಕೂದಲೆಳೆಯಂಥ ಬಿರುಕುಗಳನ್ನು ತುಂಬುತ್ತಿತ್ತು. ಗಾರೆಗೆ ಸುಣ್ಣ, ಮರಳಿನ ಜೊತೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ನಮ್ಮ ಅಡುಗೆಮನೆಯ ಡಬ್ಬಿಗೂ ಗೋಡೆಗೂ ಎಂಥ ನೆಂಟಸ್ತಿಕೆ ನೋಡಿ! ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೂ ಸಣ್ಣ ರಂಧ್ರಗಳು ಉಳಿಯುತ್ತವೆ. ಮಳೆಯಲ್ಲಿ ತೇವ ಹೀರಿದ ಗೋಡೆ ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. 1911ರಲ್ಲಿ ಕೆಲಸ ಶುರುವಾದ ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದೂ ಸುಣ್ಣ, ಸುರ್ಕಿಯ ಗಾರೆಯ ಮೇಲೆಯೇ.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ನಮ್ಮ ದೇಶದಲ್ಲಿ 1914ರ ಹೊತ್ತಿಗೆ ಪೋರಬಂದರಿನಲ್ಲಿ ಅದರ ತಯಾರಿಕೆ ನಡೆದಿತ್ತು. ಬೇಗ ಗಟ್ಟಿಯಾಗುವ ಸಿಮೆಂಟಿನ ಮುಂದೆ ಗಾರೆ ಅರೆಯುವ ತಾಳ್ಮೆ ಯಾರಿಗಿತ್ತು?

ತವರಿನಲ್ಲಿ ಅಮ್ಮ ಮಲಗುವ ಕೋಣೆಯದು ಹಳೆಯ ಇಟ್ಟಿಗೆ ಗೋಡೆ. ತೇವ ಕಾಣುತ್ತದೆಂದು ಮೇಸ್ತ್ರಿಯೊಬ್ಬರು ಗಾರೆ ಕೆತ್ತಿ, ಸಿಮೆಂಟು ಮೆತ್ತಿ, ಮೇಲೆ ಹೊಳೆಯುವ ಎಣ್ಣೆಬಣ್ಣ ಬಳಿದರು. ಎರಡೇ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಉಬ್ಬಿತು, ಒಳಗಿನಿಂದ ಬಿಳಿಯ ಉಪ್ಪು ಉದುರತೊಡಗಿತು. ನೆಲದಿಂದ ಏರಿದ ನೀರಿಗೆ ಹೊರಹೋಗುವ ದಾರಿಯೇ ಇರಲಿಲ್ಲ. ಅಮ್ಮನಿಗೆ ಮೊದಲೇ ಉಬ್ಬಸ. ಆ ಮುಗ್ಗಲು ವಾಸನೆಯಲ್ಲಿ ರಾತ್ರಿಯಿಡೀ ಎದ್ದು ಕೂರುತ್ತಿದ್ದಳು.

ದೊಡ್ಡವರ ಕೈಯಲ್ಲೂ ಹೀಗಾಗಿದೆ. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ್ ಸರ್ಕಾರ ಅಜಂತಾದ ಚಿತ್ರಗಳನ್ನು ಉಳಿಸಲು ಇಟಲಿಯಿಂದ ತಜ್ಞರನ್ನು ಕರೆಸಿತು. ಮಣ್ಣಿನ ಗಿಲಾವಿನ ಮೇಲೆ ಬರೆದ ಚಿತ್ರಗಳು ಅವು. ಉದುರುತ್ತಿದ್ದ ಚಕ್ಕೆಗಳನ್ನು ಅವರು ಅಂಟಿಸಿ ನಿಲ್ಲಿಸಿದರು, ಅದು ಉಪಕಾರವೇ. ಆದರೆ ಮೇಲೆ ಹಚ್ಚಿದ ಅರಗಿನ ಲೇಪ ಕಾಲ ಕಳೆದಂತೆ ಹಳದಿಗಟ್ಟಿ ಬಣ್ಣಗಳನ್ನೇ ಮಂಕಾಗಿಸಿತು. ಅದನ್ನು ತೆಗೆಯುವುದು ಮುಂದಿನವರ ಪಾಲಿನ ಕೆಲಸವಾಯಿತು.

ಈಚೆಗೆ ನಮ್ಮ ಕಾಂಪೌಂಡಿಗೆ ಲೇಪ ಕೊಳ್ಳಲು ಹೋದಾಗ ಅಂಗಡಿಯವರು, "ಒಂದು ಹನಿ ನೀರೂ ಒಳಗೆ ಹೋಗೋಲ್ಲ ಮೇಡಂ" ಎಂದರು. "ಒಳಗಿರೋದು ಹೇಗೆ ಹೊರಗೆ ಬರುತ್ತೆ?" ಎಂದು ಕೇಳಿದೆ. ಅವರು ಇನ್ನೊಂದು ಡಬ್ಬಿ ತೆಗೆದರು. ಅಕ್ರಿಲಿಕ್ ಲೇಪ ಹಾಲಿನ ಕೆನೆಯಂತೆ ಮೇಲೆ ಕಟ್ಟಿಕೊಂಡು ಹೊಳೆಯುತ್ತದೆ. ಹಿಂದೆ ತೇವವಿದ್ದರೆ ಸಿಪ್ಪೆ ಏಳುತ್ತದೆ. ಸಿಲೇನ್, ಸಿಲಾಕ್ಸೇನ್ ಜಾತಿಯದು ರಂಧ್ರಗಳೊಳಗೆ ಇಳಿದು ಮಳೆನೀರನ್ನು ಕೆಸುವಿನೆಲೆಯಂತೆ ಜಾರಿಸುತ್ತದೆ, ಆವಿಗೆ ಮಾತ್ರ ದಾರಿ ಬಿಡುತ್ತದೆ. ಹೊಳಪಿಲ್ಲ, ದುಡ್ಡು ಹೆಚ್ಚು. ಹೊರಗಿನ ಇಟ್ಟಿಗೆಗೂ ಕಾಂಕ್ರೀಟಿಗೂ ನಾನು ಇದನ್ನೇ ಆರಿಸುವವಳು. ಆದರೆ ಬಿರುಕನ್ನು ಇದು ಮುಚ್ಚದು, ನೆಲದಿಂದ ಏರುವ ನೀರನ್ನೂ ತಡೆಯದು. ಹೊಸ ಕಾಂಕ್ರೀಟಿಗಾದರೆ ಸಾಮಾನ್ಯವಾಗಿ 28 ದಿನ ಕಾಯಬೇಕು.

ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ಬೆವರು ಕಟ್ಟಿದ್ದರೆ ಆ ವಾರ ಬಳಿಯುವ ಕೆಲಸ ಬೇಡ.