ಚಿಂತೆ ಮೈಗಿಳಿಯುವ ಬಗೆ

ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂಬ ಮಾತು ನಮ್ಮಲ್ಲಿ ಹಳೆಯದು. ಮನಸ್ಸು ಕೊರಗಿದರೆ ಮೈ ಸೊರಗುತ್ತದೆ ಎಂಬುದನ್ನು ಜನ ಅನುಭವದಿಂದಲೇ ಬಲ್ಲರು. ಆದರೆ ಮನಸ್ಸಿನ ದುಗುಡಕ್ಕೂ ರೋಗಾಣುಗಳೊಡನೆ ಸೆಣಸುವ ಬಿಳಿ ರಕ್ತಕಣಗಳಿಗೂ ಏನು ನಂಟು ಎಂಬುದನ್ನು ಬಿಡಿಸಲು ವಿಜ್ಞಾನಕ್ಕೆ ಅರ್ಧ ಶತಮಾನವೇ ಹಿಡಿಯಿತು. ದೊರೆತ ಉತ್ತರವೂ ನಿರೀಕ್ಷಿಸಿದಂತಿರಲಿಲ್ಲ.

ಈ ಕಥೆ ಆರಂಭವಾಗುವುದು 1930ರ ದಶಕದಲ್ಲಿ, ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ವಿಯೆನ್ನಾದಲ್ಲಿ ಹುಟ್ಟಿದ ಹ್ಯಾನ್ಸ್ ಸೆಲಿಯೆ ಎಂಬ ತರುಣ ವೈದ್ಯ ಅಲ್ಲಿ ಹೊಸ ಹಾರ್ಮೋನೊಂದರ ಶೋಧದಲ್ಲಿದ್ದ. ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಮೂರು ಬದಲಾವಣೆಗಳು ಕಂಡವು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು, ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯೂ ಗುಲ್ಮವೂ ದುಗ್ಧಗ್ರಂಥಿಗಳೂ ಕುಗ್ಗಿದ್ದವು, ಜಠರದಲ್ಲಿ ಹುಣ್ಣುಗಳೆದ್ದಿದ್ದವು. ಹೊಸ ಹಾರ್ಮೋನು ಸಿಕ್ಕಿತೆಂದು ಸೆಲಿಯೆ ಹಿಗ್ಗಿದ. ಆದರೆ ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ ಫಲ. ಫಾರ್ಮಲಿನ್ ಚುಚ್ಚಿದರೂ, ಚಳಿಗೆ ಒಡ್ಡಿದರೂ, ಮಿತಿಮೀರಿ ದುಡಿಸಿದರೂ ಅದೇ ಫಲ!

ಹಿಂಸೆ ಯಾವುದೇ ಇರಲಿ, ದೇಹ ಕೊಡುವ ಉತ್ತರ ಒಂದೇ ಎಂದು ಸೆಲಿಯೆ ತರ್ಕಿಸಿದ. 1936ರ ಜುಲೈ 4ರ ‘ನೇಚರ್’ ಪತ್ರಿಕೆಯಲ್ಲಿ ಇದು ಪುಟ್ಟ ಬರಹವಾಗಿ ಪ್ರಕಟವಾಯಿತು. ಲೋಹದ ಮೇಲೆ ಬೀಳುವ ಬಲವನ್ನು ಸೂಚಿಸಲು ಎಂಜಿನಿಯರುಗಳು ಬಳಸುತ್ತಿದ್ದ ‘ಸ್ಟ್ರೆಸ್’ ಎಂಬ ಶಬ್ದವನ್ನು ಆತ ಮುಂದೆ ಇದಕ್ಕೆ ಬಳಸಿದ. ನಾವಿಂದು ಮಾತು ಮಾತಿಗೆ ಬಳಸುವ ‘ಒತ್ತಡ’ ಅದರದೇ ಕನ್ನಡ ರೂಪ. ಅಡ್ರಿನಲ್ ಗ್ರಂಥಿಗಳನ್ನು ಮೊದಲೇ ತೆಗೆದುಹಾಕಿದರೆ ಥೈಮಸ್ ಹೀಗೆ ಕುಗ್ಗುವುದಿಲ್ಲ ಎಂಬುದನ್ನೂ ಆತ ಗುರುತಿಸಿದ. ಎಂದರೆ ಅಡ್ರಿನಲ್‌ನಿಂದ ಹೊರಡುವ ಏನೋ ಒಂದು ಥೈಮಸ್ಸನ್ನು ಕುಗ್ಗಿಸುತ್ತಿತ್ತು.

ಥೈಮಸ್‌ನ ಕೆಲಸವೇನೆಂಬುದೇ ಆಗ ತಿಳಿದಿರಲಿಲ್ಲ. ರೋಗನಿರೋಧಕ ಶಕ್ತಿ ರೂಪುಗೊಳ್ಳಲು ಅದು ಬೇಕೇ ಬೇಕೆಂದು ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ತೋರಿಸಿಕೊಟ್ಟದ್ದು 1961ರಲ್ಲಿ. ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳು ಪಳಗುವುದು ಇಲ್ಲಿಯೇ. ಹೆಸರಿನ ‘ಟಿ’ ಬಂದದ್ದೂ ಥೈಮಸ್‌ನಿಂದಲೇ.

ಇಷ್ಟರೊಳಗೆ ಕಥೆಗೆ ಅಮೆರಿಕದಲ್ಲಿ ಇನ್ನೊಂದು ತಿರುವು ದೊರೆತಿತ್ತು. ಮೇಯೊ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ ಒಂದು ವಿಚಿತ್ರವನ್ನು ಗಮನಿಸಿದ್ದ. ಸಂಧಿವಾತದ ರೋಗಿಗಳಿಗೆ ಕಾಮಾಲೆ ಬಂದರೆ ಅಥವಾ ಬಸಿರಾದರೆ ಕೀಲುನೋವು ತಾನಾಗಿ ಇಳಿಯುತ್ತಿತ್ತು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅಡ್ರಿನಲ್‌ನ ಹೊರಪದರದಿಂದ ಹಲವು ಹಾರ್ಮೋನುಗಳನ್ನು ಬೇರ್ಪಡಿಸಿದ್ದ. ಅವುಗಳಲ್ಲೊಂದನ್ನು 1948ರ ಸೆಪ್ಟೆಂಬರ್‌ನಲ್ಲಿ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬಳಿಗೆ ಚುಚ್ಚಲಾಯಿತು. ವಾರ ಕಳೆಯುವಷ್ಟರಲ್ಲಿ ಆಕೆ ಎದ್ದು ನಡೆದು, ಪೇಟೆಗೆ ಹೋಗಿ ಬಂದಳು. ಆ ಔಷಧವೇ ಕಾರ್ಟಿಸೋನ್. ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಜೊತೆ ಇವರಿಬ್ಬರಿಗೂ 1950ರ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಹೆಚ್ಚುಕಾಲ ಕೊಟ್ಟರೆ ಮುಖ ಊದುವುದು, ಮೂಳೆ ಸವೆಯುವುದು, ಸೋಂಕು ಮೇಲೆದ್ದು ಬರುವುದು ಬೇಗನೇ ತಿಳಿಯಿತು.

ಇಲ್ಲೊಂದು ಒಗಟು ಎದ್ದಿತು. ಗಾಯ, ಜ್ವರ, ಭಯ ಮೊದಲಾದ ಆಪತ್ತಿನಲ್ಲೇ ದೇಹ ಈ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ರಕ್ಷಣಾಪಡೆಯನ್ನೇ ತಡೆಯುವುದಾದರೆ, ಶತ್ರು ಬಾಗಿಲಿಗೆ ಬಂದಾಗ ಕತ್ತಿ ಕೆಳಗಿಟ್ಟಂತಾಗಲಿಲ್ಲವೇ?

ಇದಕ್ಕೆ ಸುಳಿವು ದೊರೆತದ್ದು 1970ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನಲ್ಲಿದ್ದ ಹ್ಯೂಗೊ ಬೆಸೆಡೋವ್‌ಸ್ಕಿ ಮತ್ತು ಸಂಗಡಿಗರು, ಇಲಿಗಳಲ್ಲಿ ರೋಗನಿರೋಧಕ ಕ್ರಿಯೆ ಚುರುಕಾದೊಡನೆ ರಕ್ತದಲ್ಲಿ ಈ ಹಾರ್ಮೋನು ಏರುವುದನ್ನು ಕಂಡರು. ಬಿಳಿ ಕಣಗಳು ಹೊರಡಿಸುವ ಸಂಕೇತ ಮಿದುಳನ್ನು ಮುಟ್ಟುತ್ತದೆ; ಮಿದುಳು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ; ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ; ಅಡ್ರಿನಲ್ ಕಾರ್ಟಿಸಾಲ್ ಸುರಿಸಿ ಆ ಕಣಗಳನ್ನೇ ತಣಿಸುತ್ತದೆ. 1984ರಲ್ಲಿ ಅಮೆರಿಕದ ಅಲನ್ ಮಂಕ್ ಮತ್ತು ಸಹೋದ್ಯೋಗಿಗಳು ಇದರ ಅರ್ಥವನ್ನು ಬಿಡಿಸಿಟ್ಟರು. ಈ ಹಾರ್ಮೋನು ನಮ್ಮನ್ನು ಕಾಯುವುದು ಶತ್ರುವಿನಿಂದಲ್ಲ, ಶತ್ರುವನ್ನು ಕಂಡು ಹುಚ್ಚೆದ್ದ ನಮ್ಮದೇ ಪಡೆಯಿಂದ. ಕಾರ್ಟಿಸಾಲ್ ಗಾಡಿಯ ಬ್ರೇಕಿನಂತೆ. ಬ್ರೇಕಿಲ್ಲದ ಗಾಡಿ ಎಷ್ಟು ಅಪಾಯವೋ, ಸದಾ ಬ್ರೇಕು ಒತ್ತಿಯೇ ಓಡಿಸುವ ಗಾಡಿಯೂ ಅಷ್ಟೇ ಕೆಡುತ್ತದೆ.

ಮನುಷ್ಯರಲ್ಲಿ ಇದರ ಪರೀಕ್ಷೆ 1990ರ ದಶಕದಲ್ಲಿ ಸ್ಪಷ್ಟ ರೂಪ ಪಡೆಯಿತು. 1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು, ಇಂಗ್ಲೆಂಡಿನಲ್ಲಿ 394 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಶೀತದ ವೈರಾಣುಗಳ ಹನಿ ಬಿಟ್ಟು ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಒತ್ತಡ ತೀರ ಕಡಿಮೆ ಇದ್ದವರಲ್ಲಿ ನೂರಕ್ಕೆ 27 ಮಂದಿಗೆ ನೆಗಡಿ ಹಿಡಿದರೆ, ತೀರ ಹೆಚ್ಚಿದ್ದವರಲ್ಲಿ 47 ಮಂದಿಗೆ ಹಿಡಿಯಿತು. 1995ರಲ್ಲಿ ಓಹಾಯೊದ ಜಾನಿಸ್ ಕೀಕೋಲ್ಟ್-ಗ್ಲೇಸರ್, ಮರೆವಿನ ರೋಗಕ್ಕೆ ತುತ್ತಾದ ಬಂಧುಗಳ ಆರೈಕೆಯಲ್ಲಿದ್ದ 13 ಮಹಿಳೆಯರ ತೋಳಿನಲ್ಲಿ ಮಿಲಿಮೀಟರುಗಳಷ್ಟು ಪುಟ್ಟ ಗಾಯ ಮಾಡಿ ಗಮನಿಸಿದರು. ಅಂಥ ಹೊರೆಯಿಲ್ಲದ ಅದೇ ವಯಸ್ಸಿನವರಿಗಿಂತ ಇವರ ಗಾಯ ಮಾಯಲು ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಯಿತು. ಗಾಯ ಒಣಗಲು ಮೊದಲಿಗೆ ತುಸು ಉರಿಯೂತ ಬೇಕು. ಆ ಆರಂಭವನ್ನೇ ಒತ್ತಡ ಹಿಂದೆಳೆಯುತ್ತದೆ. ಇನ್ನೊಂದೆಡೆ, ಬಹುಕಾಲ ಹಾರ್ಮೋನಿನ ಕೂಗು ಕೇಳಿ ಕೇಳಿ ಕಣಗಳು ಅದಕ್ಕೆ ಕಿವುಡಾಗುವುದೂ ಉಂಟು. ಆಗ ಉರಿಯೂತ ಅಂಕೆ ಮೀರುತ್ತದೆ.

ಈ ಎರಡು ಮುಖಗಳನ್ನೂ ನಾವು ಕೋವಿಡ್ ಕಾಲದಲ್ಲಿ ಕಣ್ಣಾರೆ ಕಂಡೆವು. ಕಾರ್ಟಿಸೋನ್ ವಂಶದ್ದೇ ಆದ ಅಗ್ಗದ ಡೆಕ್ಸಾಮೆಥಾಸೋನ್, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿತೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನಿಂದ ಸುದ್ದಿ ಬಂತು. ಮರುವರ್ಷ ಕರ್ನಾಟಕವೂ ಸೇರಿ ದೇಶದಲ್ಲೆಲ್ಲ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಾಗ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟಿರಾಯ್ಡ್‌ಗಳ ಅತಿ ಬಳಕೆಯೂ ಕಾರಣವೆಂದು ವೈದ್ಯರು ಎಚ್ಚರಿಸಿದರು. ಒಂದೇ ಔಷಧ, ಹೊತ್ತು ಮತ್ತು ಅಳತೆ ಬೇರೆ. ಸ್ಟಿರಾಯ್ಡ್ ಮಾತ್ರೆಯನ್ನು ನಾವೇ ಕೊಂಡು ನುಂಗುವುದು ಹೇಗೆ ತಪ್ಪೋ, ಬಹುದಿನ ತೆಗೆದುಕೊಂಡವರು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದೂ ಹಾಗೆಯೇ ಅಪಾಯ.

ಪರೀಕ್ಷೆಯ ದಿನದ ನಡುಕಕ್ಕೆ, ನಾಯಿ ಅಟ್ಟಿಸಿಕೊಂಡು ಬಂದಾಗಿನ ಭಯಕ್ಕೆ ನಾವು ಹೆದರಬೇಕಿಲ್ಲ. ಬಂದು ಹೋಗುವ ಒತ್ತಡಕ್ಕೆ ದೇಹ ಸಿದ್ಧವಾಗಿಯೇ ಇದೆ. ಅದನ್ನು ಸವೆಸುವುದು ಬಿಡುವೇ ಇಲ್ಲದ ಹೊರೆ. ಓಹಾಯೊದ ಆ 13 ಮಹಿಳೆಯರಂಥವರು ನಮ್ಮ ಊರುಗಳಲ್ಲೂ ಮನೆ ಮನೆಯಲ್ಲಿದ್ದಾರೆ. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆ, ಮಗಳು, ಹೆಂಡತಿಗೆ ವಾರಕ್ಕೊಂದು ದಿನವಾದರೂ ಆ ಕೆಲಸದಿಂದ ಬಿಡುವು ಕೊಡುವುದು ದಾಕ್ಷಿಣ್ಯದ ಮಾತಲ್ಲ. ಅದು ಅವರ ಆರೋಗ್ಯದ ಅಗತ್ಯ.